ಹೆಸರಿಲ್ಲದ ಹಳೆಯ ಜಾಝ್ ರೆಕಾರ್ಡುಗಳಲ್ಲಿ ನುಡಿಸಿದವರು ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಜಾಝ್ ರೆಕಾರ್ಡಿನ ಲೇಬಲ್ ಮೇಲೆ ಸಾಮಾನ್ಯವಾಗಿ ಎರಡೇ ಹೆಸರು ಇರುತ್ತವೆ. ಒಂದು ಟ್ಯೂನಿನದು, ಇನ್ನೊಂದು ಬ್ಯಾಂಡಿನದು. ಆ ಮೂರು ನಿಮಿಷದಲ್ಲಿ ಮನಸ್ಸು ಕದಿಯುವ ಕ್ಲಾರಿನೆಟ್ ಯಾರದು, ಹಿಂದೆ ಸುಮ್ಮನೆ ತಾಳ ಹಿಡಿದು ಕೂತ ಗಿಟಾರ್ ಯಾರದು, ಎಲ್ಲೂ ಬರೆದಿರುವುದಿಲ್ಲ. ಆ ಹೆಸರುಗಳನ್ನು ಹುಡುಕಲು ಹೊರಟವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಹೆಚ್ಚಿನ ಮಾತು ಅಮೆರಿಕದ ರೆಕಾರ್ಡುಗಳ ಬಗ್ಗೆ, 1920ರಿಂದ 1960ರ ದಶಕದವರೆಗಿನವು.

ಇಷ್ಟು ಚೆನ್ನಾಗಿ ನುಡಿಸಿದವರ ಹೆಸರನ್ನು ಯಾಕೆ ಹಾಕುತ್ತಿರಲಿಲ್ಲ?

ಮುಖ್ಯ ಕಾರಣ ದುಡ್ಡಿನ ಲೆಕ್ಕ. ಸೆಷನ್‌ಗೆ, ಅಂದರೆ ಸ್ಟುಡಿಯೋದ ರೆಕಾರ್ಡಿಂಗ್ ಕೂಟಕ್ಕೆ, ಬಂದವರಿಗೆ ಆ ದಿನದ ಕೂಲಿ ಕೊಟ್ಟರೆ ಮುಗಿಯಿತು. ರೆಕಾರ್ಡ್ ಎಷ್ಟೇ ಮಾರಾಟವಾದರೂ ಅವರಿಗೆ ಪಾಲಿಲ್ಲ. ಹಾಗಾಗಿ ಹೆಸರು ಬರೆದಿಡುವ ಅವಸರ ಕಂಪನಿಗೂ ಇರಲಿಲ್ಲ. ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ ಹಳೆಯ ‘78’ ರೆಕಾರ್ಡಿನ ಲೇಬಲ್ ಅಂಗೈಯಷ್ಟೂ ಇರುವುದಿಲ್ಲ, ಅದರಲ್ಲಿ ಜಾಗ ಸಿಗುತ್ತಿದ್ದುದು ಮಾರಾಟವಾಗುವ ಹೆಸರಿಗೆ ಮಾತ್ರ.

ಇನ್ನೊಂದು ಕಾರಣ ಒಪ್ಪಂದ. ಒಂದು ಕಂಪನಿಗೆ ಕಟ್ಟುಬಿದ್ದವರು ಇನ್ನೊಂದು ಕಂಪನಿಗೆ ನುಡಿಸಿದರೆ ಹೆಸರು ಮರೆಸಲೇಬೇಕಿತ್ತು. 1953ರಲ್ಲಿ ಟೊರೊಂಟೊದ ಮ್ಯಾಸಿ ಹಾಲ್ ಕಛೇರಿಯ ರೆಕಾರ್ಡಿನಲ್ಲಿ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ‘ಚಾರ್ಲಿ ಚಾನ್’ ಆದರು. 1958ರಲ್ಲಿ ಲೂಯಿಸ್ ಸ್ಮಿತ್ ಅವರ ಸೆಷನ್‌ನಲ್ಲಿ ಕ್ಯಾನನ್‌ಬಾಲ್ ಆಡರ್ಲಿ ‘ಬಕ್‌ಶಾಟ್ ಲಾ ಫಂಕ್’ ಆದರು. 1961ರಲ್ಲಿ ಜಾನ್ ಕೋಲ್ಟ್ರೇನ್ ಜೊತೆ ನುಡಿಸಿದ ‘ಜಾರ್ಜ್ ಲೇನ್’ ನಿಜವಾಗಿ ಎರಿಕ್ ಡಾಲ್ಫಿ.

ಮೂರನೆಯದು ಹೇಳಲು ಕಷ್ಟವಾಗುವ ಕಾರಣ, ಬಣ್ಣ. ಕಪ್ಪು ಮತ್ತು ಬಿಳಿ ವಾದಕರು ಒಂದೇ ಸ್ಟುಡಿಯೋದಲ್ಲಿ ಕೂತಿದ್ದನ್ನು ಲೇಬಲ್ ಮೇಲೆ ತೋರಿಸಲು ಕಂಪನಿಗಳು ಹಿಂಜರಿದವು. 1920ರ ದಶಕದ ಕೊನೆಯಲ್ಲಿ ಕಪ್ಪು ವಾದಕ ಲಾನಿ ಜಾನ್ಸನ್ ಜೊತೆ ಓಕೆ ಕಂಪನಿಗೆ ಗಿಟಾರ್ ಜೋಡಿವಾದನ ನುಡಿಸಿದ ಬಿಳಿಯ ವಾದಕ ಎಡ್ಡಿ ಲ್ಯಾಂಗ್, ಲೇಬಲ್ ಮೇಲೆ ‘ಬ್ಲೈಂಡ್ ವಿಲ್ಲಿ ಡನ್’ ಆಗಿ ಕಾಣಿಸಿಕೊಂಡರು.

ಲೇಬಲ್ ಮೇಲಿನ ಬ್ಯಾಂಡಿನ ಹೆಸರನ್ನಾದರೂ ನಂಬಬಹುದಾ?

ನಂಬಬೇಡಿ, ಆದರೆ ಬಿಸಾಡಲೂ ಬೇಡಿ. ಡ್ಯೂಕ್ ಎಲಿಂಗ್ಟನ್ ಅವರ ಬ್ಯಾಂಡ್ ಬ್ರನ್ಸ್‌ವಿಕ್ ಲೇಬಲ್‌ನಲ್ಲಿ ‘ಜಂಗಲ್ ಬ್ಯಾಂಡ್’, ಓಕೆಯಲ್ಲಿ ‘ಹಾರ್ಲೆಮ್ ಫುಟ್‌ವಾರ್ಮರ್ಸ್’. ಫ್ಲೆಚರ್ ಹೆಂಡರ್ಸನ್ ಅವರ ಬ್ಯಾಂಡ್ ಹಾರ್ಮೊನಿ ಲೇಬಲ್‌ನಲ್ಲಿ ‘ಡಿಕ್ಸಿ ಸ್ಟಾಂಪರ್ಸ್’. ಲೂಯಿ ಆರ್ಮ್‌ಸ್ಟ್ರಾಂಗ್ ಓಕೆಗೆ ಬದ್ಧರಾಗಿದ್ದಾಗಲೇ, 1926ರಲ್ಲಿ, ಅವರದೇ ಗುಂಪು ವೊಕಾಲಿಯನ್‌ಗೆ ‘ಲಿಲ್ಸ್ ಹಾಟ್ ಶಾಟ್ಸ್’ ಹೆಸರಲ್ಲಿ ನುಡಿಸಿತು. ಒರಿಜಿನಲ್ ಮೆಂಫಿಸ್ ಫೈವ್ ಬಳಗದವರು ಜೆನೆಟ್ ಕಂಪನಿಗೆ ‘ಲ್ಯಾಡ್ಸ್ ಬ್ಲ್ಯಾಕ್ ಏಸಸ್’ ಆಗಿದ್ದರು.

ಅಗ್ಗದ ಲೇಬಲ್‌ಗಳಲ್ಲಿ ಇದು ಇನ್ನೂ ಜಾಸ್ತಿ. ಒಂದೇ ಮಾಸ್ಟರ್ (ಪ್ರತಿಗಳನ್ನು ಒತ್ತುವ ಮೂಲ ರೆಕಾರ್ಡಿಂಗ್) ಅನ್ನು ನಾಲ್ಕು ಲೇಬಲ್‌ಗಳಲ್ಲಿ ನಾಲ್ಕು ಬ್ಯಾಂಡ್ ಹೆಸರಲ್ಲಿ ಮಾರುತ್ತಿದ್ದರು. ಒಂದೇ ಸುಳ್ಳು ಹೆಸರನ್ನು ಬೇರೆ ಬೇರೆ ಗುಂಪುಗಳಿಗೆ ಅಂಟಿಸುತ್ತಿದ್ದುದೂ ಉಂಟು. ಹಾಗಾಗಿ ಬ್ಯಾಂಡಿನ ಹೆಸರಿಗಿಂತ ಮುಂದಿನ ವಿಷಯ ಮುಖ್ಯ.

ಎಲ್ಲಿಂದ ಶುರು ಮಾಡಬೇಕು? ಮೊದಲು ಕೇಳಬೇಕಾ, ಮೊದಲು ನೋಡಬೇಕಾ?

ಮೊದಲು ನೋಡಿ. ಕೇಳಿದ ತಕ್ಷಣ ತಲೆಯಲ್ಲಿ ಒಂದು ಹೆಸರು ಬಂದು ಕೂರುತ್ತದೆ. ಆಮೇಲೆ ಕಿವಿ ಅದನ್ನೇ ಹುಡುಕುತ್ತದೆ. ರೆಕಾರ್ಡ್ ಯಾವಾಗ, ಯಾವ ಊರಲ್ಲಿ ಆಯಿತು ಅಂತ ಗೊತ್ತಾದ ಮೇಲೆ ಕೇಳಿದರೆ ಕಿವಿಯೂ ಹದ್ದುಬಸ್ತಿನಲ್ಲಿರುತ್ತದೆ.

ಮ್ಯಾಟ್ರಿಕ್ಸ್ ನಂಬರ್ ಅಂದರೇನು? ಅದಕ್ಕೆ ಯಾಕೆ ಅಷ್ಟು ಮಹತ್ವ?

ರೆಕಾರ್ಡಿನ ಗೀರುಗಳು ಮುಗಿದು ಲೇಬಲ್ ಶುರುವಾಗುವ ಮುಂಚೆ ಒಂದು ನುಣುಪಾದ ಉಂಗುರದಂಥ ಜಾಗ ಇರುತ್ತದೆ. ದೀಪದ ಕೆಳಗೆ ಓರೆಯಾಗಿ ಹಿಡಿದರೆ ಅಲ್ಲಿ ಅಂಕಿ, ಅಕ್ಷರ ಕಾಣುತ್ತವೆ. ಕೆಲವು ಅಚ್ಚೊತ್ತಿದವು, ಕೆಲವು ಕೈಯಲ್ಲಿ ಗೀಚಿದವು. ಕೆಲವು ಕಂಪನಿಗಳು ಲೇಬಲ್ ಮೇಲೂ ಸಣ್ಣದಾಗಿ ಮುದ್ರಿಸುತ್ತಿದ್ದವು. ಕ್ಯಾಟಲಾಗ್ ನಂಬರ್ ಅಂಗಡಿಗಾಗಿ ಇದ್ದದ್ದು. ಮ್ಯಾಟ್ರಿಕ್ಸ್ ನಂಬರ್ ಸ್ಟುಡಿಯೋಗಾಗಿ ಇದ್ದದ್ದು. ಒಂದು ಟ್ಯೂನನ್ನು ಮೇಣದ ಮೇಲೆ ಬರೆದುಕೊಂಡಾಗ ಕೊಟ್ಟ ನಂಬರ್ ಅದು. ಹಾಗಾಗಿ ಅದು ಸಾಮಾನ್ಯವಾಗಿ ದಿನಾಂಕದ ಸಾಲಿನಲ್ಲೇ ಓಡುತ್ತದೆ.

ಅದರ ಪಕ್ಕದಲ್ಲಿ 1, 2, 3 ಅಂತಲೋ ಎ, ಬಿ, ಸಿ ಅಂತಲೋ ಇದ್ದರೆ ಅದು ಹೆಚ್ಚಾಗಿ ಟೇಕ್, ಅಂದರೆ ಎಷ್ಟನೇ ಸಲ ನುಡಿಸಿದ್ದು. ಒಂದೇ ಟ್ಯೂನನ್ನು ಎರಡು ಸಲ ನುಡಿಸಿ, ಎರಡೂ ಮಾರಾಟಕ್ಕೆ ಹೋದದ್ದಿದೆ. ನಿಮ್ಮ ಹತ್ತಿರ ಇರುವುದು ಟೇಕ್ 2, ಪುಸ್ತಕ ಹೇಳುತ್ತಿರುವುದು ಟೇಕ್ 1 ಆಗಿದ್ದರೆ ಸೋಲೋ (ಒಬ್ಬರ ಏಕವಾದನ) ಬೇರೆ ಕೇಳಿಸುತ್ತದೆ. ಅದನ್ನು ನೋಡಿ ವಾದಕರೇ ಬೇರೆ ಅಂದುಕೊಂಡವರೂ ಇದ್ದಾರೆ.

ನಿಜವಾದ ಪ್ರಯೋಜನ ಅಕ್ಕಪಕ್ಕದ ನಂಬರ್‌ಗಳಲ್ಲಿದೆ. ನಿಮ್ಮ ರೆಕಾರ್ಡಿನ ಮ್ಯಾಟ್ರಿಕ್ಸ್ 412 ಅಂತ ಇಟ್ಟುಕೊಳ್ಳೋಣ. ವಾದಕರ ಹೆಸರು ಗೊತ್ತಿಲ್ಲ. ಅದೇ ಕಂಪನಿಯ 410, 411 ಮತ್ತು 413ನೇ ನಂಬರ್‌ಗಳನ್ನು ಹುಡುಕಿ. 410 ಮತ್ತು 411 ಗೊತ್ತಿರುವ ಒಂದು ಬ್ಯಾಂಡಿನವು, 413 ಒಬ್ಬ ಗಾಯಕಿಯದು ಎಂದಾದರೆ ಕೇಳಬೇಕಾದ ಪ್ರಶ್ನೆ ಸ್ಪಷ್ಟವಾಯಿತು. ಬೆಳಗ್ಗೆ ಬಂದ ಬ್ಯಾಂಡೇ ಇನ್ನೊಂದು ಟ್ಯೂನ್ ನುಡಿಸಿ ಹೋಯಿತಾ? ಅಥವಾ ಗಾಯಕಿಯ ಜೊತೆ ಬಂದವರು ಹಾಡಿಲ್ಲದ ಒಂದು ಟ್ಯೂನ್ ನುಡಿಸಿದರಾ? ಈಗ ಆ ಮೂರೂ ರೆಕಾರ್ಡುಗಳನ್ನು ನಿಮ್ಮದರ ಜೊತೆ ಇಟ್ಟು ಕೇಳಿ. ಪಿಯಾನೋದ ಶ್ರುತಿ ನೋಡಿ. ಒಂದು ಸ್ಟುಡಿಯೋದಲ್ಲಿ ಒಂದೇ ಪಿಯಾನೋ, ಅದರ ಒಂದು ಸ್ವರ ಸ್ವಲ್ಪ ಅಪಸ್ವರವಾಗಿದ್ದರೆ ಅದೇ ಸೆಷನ್‌ನ ಎಲ್ಲದರಲ್ಲೂ ಹಾಗೇ ಕೇಳಿಸುತ್ತದೆ. ಕೋಣೆಯ ಪ್ರತಿಧ್ವನಿ, ಡ್ರಮ್ಸ್ ಎಷ್ಟು ದೂರದಲ್ಲಿದೆ ಎನ್ನುವುದು ಕೂಡ ಹೊಂದಬೇಕು. ಒಂದು ಹೆಸರೂ ಗೊತ್ತಿಲ್ಲದೆ ನೀವು ಒಂದು ಸೆಷನ್ ಜೋಡಿಸಿದ ಹಾಗಾಯಿತು. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಕೆಲಸ ಇದೇ.

ವಿಕ್ಟರ್, ಕೊಲಂಬಿಯಾದಂಥ ದೊಡ್ಡ ಕಂಪನಿಗಳ ನಂಬರ್‌ಗಳನ್ನು ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಿಸ್ಕಾಗ್ರಫಿ ಆಫ್ ಅಮೆರಿಕನ್ ಹಿಸ್ಟಾರಿಕಲ್ ರೆಕಾರ್ಡಿಂಗ್ಸ್ ಎಂಬ ಡಿಸ್ಕಾಗ್ರಫಿಯಲ್ಲಿ, ಅಂದರೆ ರೆಕಾರ್ಡುಗಳ ವಿವರಪಟ್ಟಿಯಲ್ಲಿ, ಉಚಿತವಾಗಿ ಹುಡುಕಬಹುದು. ವಿಕ್ಟರ್ ಕಂಪನಿಯ ಲೆಡ್ಜರುಗಳಲ್ಲಿ ವಾದಕರ ಹೆಸರಿಲ್ಲದಿದ್ದರೂ ಎಷ್ಟು ಕಾರ್ನೆಟ್, ಎಷ್ಟು ಸ್ಯಾಕ್ಸೊಫೋನ್ ಅಂತ ವಾದ್ಯಗಳ ಲೆಕ್ಕ ಎಷ್ಟೋ ಕಡೆ ಇದೆ. ಆ ಒಂದು ಸಾಲೇ ಎಷ್ಟೋ ಊಹೆಗಳನ್ನು ಕೆಡವಿದೆ.

1950, 60ರ ದಶಕದ ಸಣ್ಣ ಕಂಪನಿಯ ಎಲ್‌ಪಿ (ಉದ್ದ ಓಡುವ ದೊಡ್ಡ ರೆಕಾರ್ಡ್) ಅಥವಾ 45 (ಚಿಕ್ಕ ರೆಕಾರ್ಡ್). ಎಲ್ಲೂ ವರ್ಷವೇ ಇಲ್ಲ. ಏನು ಮಾಡಲಿ?

ರೆಕಾರ್ಡ್ ಒತ್ತಿದ ಕಾರ್ಖಾನೆಯ ಗುರುತು ನೋಡಿ. ಸಣ್ಣ ಕಂಪನಿಗಳು ಸ್ವಂತ ಕಾರ್ಖಾನೆ ಇಟ್ಟಿರಲಿಲ್ಲ, ಎಷ್ಟೋ ಜನ ದೊಡ್ಡ ಕಂಪನಿ ಆರ್‌ಸಿಎಯ ಕಸ್ಟಮ್ (ಬೇರೆಯವರಿಗೆ ಒತ್ತಿಕೊಡುವ) ವಿಭಾಗಕ್ಕೆ ಕೊಡುತ್ತಿದ್ದರು. ಆರ್‌ಸಿಎ ನಂಬರಿನ ಮೊದಲ ಅಕ್ಷರವೇ ವರ್ಷ. ಎಚ್ ಅಂದರೆ 1957, ಜೆ 1958, ಕೆ 1959, ಎಲ್ 1960, ಎಂ 1961, ಎನ್ 1962. ಐ ಅಕ್ಷರವನ್ನು ಬಿಟ್ಟಿದ್ದಾರೆ, ಅದು ‘1’ ಅಂಕಿಯ ಹಾಗೆ ಕಾಣುತ್ತದಲ್ವಾ. ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯ ರೆಕಾರ್ಡುಗಳಲ್ಲಿ ಪುಟ್ಟ ತ್ರಿಕೋನದ ಪಕ್ಕ ಒಂದು ನಂಬರ್ ಇರುತ್ತದೆ. ಅದೂ ಕಾಲಕ್ರಮದಲ್ಲೇ ಏರುತ್ತದೆ. ವರ್ಷ ಗೊತ್ತಿರುವ ಅಕ್ಕಪಕ್ಕದ ನಂಬರ್ ಸಿಕ್ಕರೆ ತಿಂಗಳವರೆಗೂ ಹತ್ತಿರ ಹೋಗಬಹುದು.

ಆದರೆ ಇವು ಹೇಳುವುದು ರೆಕಾರ್ಡ್ ಒತ್ತಲು ತಯಾರಾದ ಕಾಲವನ್ನು. ನುಡಿಸಿದ್ದು ಎರಡು ವರ್ಷ ಮುಂಚೆಯೂ ಆಗಿರಬಹುದು. ‘ಇದಕ್ಕಿಂತ ಈಚೆಗಿನದಲ್ಲ’ ಎಂದು ಹೇಳಲು ಮಾತ್ರ ಬಳಸಿ. ಹಾಗೇ ಲೇಬಲ್ ಪಕ್ಕದ ಆ ನುಣುಪು ಜಾಗದಲ್ಲಿ ‘ವ್ಯಾನ್ ಗೆಲ್ಡರ್’ ಅಂತ ಅಚ್ಚಿದ್ದರೆ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಮಾಸ್ಟರಿಂಗ್ (ಒತ್ತಲು ಬೇಕಾದ ಮಾಸ್ಟರ್ ತಯಾರಿ) ಮಾಡಿದ್ದಾರೆ ಎಂದರ್ಥ. ಸೆಷನ್ ಅವರ ಸ್ಟುಡಿಯೋದಲ್ಲೇ ಆಯಿತು ಅನ್ನುವುದಕ್ಕೆ ಅದೊಂದೇ ಸಾಲದು.

ಟ್ಯೂನಿನ ಕೆಳಗೆ ಬರೆದಿರುವ ರಚನಾಕಾರರ ಹೆಸರು ಸುಳಿವಾಗುತ್ತದಾ?

ಆಗುತ್ತದೆ, ಒಳ್ಳೆಯ ಸುಳಿವೇ. ಬಿ ಸೈಡಿನ (ರೆಕಾರ್ಡಿನ ಹಿಂಬದಿಯ) ವಾದ್ಯ ಟ್ಯೂನುಗಳು ಎಷ್ಟೋ ಸಲ ಸ್ಟುಡಿಯೋದಲ್ಲೇ ಹುಟ್ಟಿದವು. ಉಳಿದ ಹತ್ತು ನಿಮಿಷದಲ್ಲಿ ಗಿಟಾರ್ ವಾದಕನೋ ಪಿಯಾನೋ ವಾದಕನೋ ಒಂದು ಬ್ಲೂಸ್ ಎತ್ತಿಕೊಂಡರೆ ಟ್ಯೂನ್ ಅವರ ಹೆಸರಲ್ಲಿ ದಾಖಲಾಗುತ್ತಿತ್ತು. ಲೈಬ್ರರಿ ಆಫ್ ಕಾಂಗ್ರೆಸ್‌ನ ಹಳೆಯ ಕಾಪಿರೈಟ್ ಪಟ್ಟಿಗಳಲ್ಲಿ ಪೂರ್ತಿ ಹೆಸರು ಸಿಗಬಹುದು. ಲೇಬಲ್ ಮೇಲೆ ಬರೀ ಮನೆಹೆಸರು ಇದ್ದಾಗ ಇದು ತುಂಬಾ ಉಪಯೋಗ.

ಎಚ್ಚರ ಇರಲಿ. ಟ್ಯೂನ್ ಬರೆಯದವರೂ ಹೆಸರು ಸೇರಿಸಿಕೊಳ್ಳುತ್ತಿದ್ದರು. ಎಲಿಂಗ್ಟನ್ ಅವರ ಎಷ್ಟೋ ರಚನೆಗಳಲ್ಲಿ ಅವರ ಮ್ಯಾನೇಜರ್ ಅರ್ವಿಂಗ್ ಮಿಲ್ಸ್ ಹೆಸರಿದೆ. ಪಾಲುದಾರರಾಗಿ ಕಂಪನಿ ಮಾಲೀಕರು, ಕೆಲವೊಮ್ಮೆ ಅವರ ಸುಳ್ಳು ಹೆಸರುಗಳೂ ಬರುತ್ತವೆ.

ನಾನು ಕೇಳುತ್ತಿರುವ ಪ್ರತಿ ಸರಿಯಾದ ವೇಗದಲ್ಲಿದೆಯಾ? ಅದು ಯಾಕೆ ಮುಖ್ಯ?

ತುಂಬಾ ಮುಖ್ಯ, ಮತ್ತು ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. 78 ಎಂದು ಕರೆದರೂ ಆ ಕಾಲದ ರೆಕಾರ್ಡುಗಳೆಲ್ಲ ನಿಮಿಷಕ್ಕೆ 78 ಸುತ್ತಿಗೆ ಬರೆದವಲ್ಲ, ಮುಖ್ಯವಾಗಿ 1920ರ ದಶಕದ ಮೊದಲರ್ಧದವು. ವೇಗ ಸುಮಾರು 6 ಶೇಕಡಾ ಏರಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ. ಅಂದರೆ 78ರಲ್ಲಿ ಬರೆದದ್ದನ್ನು 82.6ರಲ್ಲಿ ಓಡಿಸಿದರೆ ಬಿ ಫ್ಲಾಟ್ ಶ್ರುತಿಯ ಟ್ಯೂನ್ ಬಿ ಶ್ರುತಿಯದಾಗಿಬಿಡುತ್ತದೆ. ಜೊತೆಗೆ ವೈಬ್ರಾಟೊ (ನಾದದ ನಡುಕ) ಬಿಗಿಯಾಗುತ್ತದೆ, ನಾದ ತೆಳುವಾಗುತ್ತದೆ. ಕೇಳುವವರು ಬೇರೆಯೇ ವಾದಕ ಅಂದುಕೊಳ್ಳುತ್ತಾರೆ.

ಪರೀಕ್ಷೆ ಸುಲಭ. ಊದುವ ವಾದ್ಯದವರಿಗೆ ಬಿ ಫ್ಲಾಟ್, ಇ ಫ್ಲಾಟ್, ಎಫ್, ಎ ಫ್ಲಾಟ್ ಹಿತ. ಸಣ್ಣ ಜಾಝ್ ಬ್ಯಾಂಡೊಂದು ಬಿ ಮೇಜರ್‌ನಲ್ಲೋ ಎಫ್ ಶಾರ್ಪ್‌ನಲ್ಲೋ ನುಡಿಸಿದಂತೆ ಕೇಳಿದರೆ ವೇಗವನ್ನು ಅನುಮಾನಿಸಿ. ಇನ್ನೊಂದು ದಾರಿ, ವಾದ್ಯದ ತಳ. ಮಾಮೂಲಿ ಡಬಲ್ ಬೇಸ್‌ನ ಅತಿ ಕೆಳಗಿನ ತಂತಿ ಇ. ಅದಕ್ಕಿಂತ ಅರ್ಧ ಸ್ವರ ಕೆಳಗೆ ಬಿಟ್ಟ ತಂತಿಯ ನಾದ ಕೇಳಿದರೆ ಪ್ರತಿ ನಿಧಾನವಾಗಿ ಓಡುತ್ತಿರಬಹುದು. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ವೇಗ ಬದಲಿಸಿ ಕೇಳಬಹುದು. ಶ್ರುತಿ ಮತ್ತು ಕಾಲ ಎರಡೂ ಒಟ್ಟಿಗೆ ಬದಲಾಗುವ ಆಯ್ಕೆಯನ್ನೇ ಬಳಸಿ.

ಸರಿ, ಈಗ ಕಿವಿಯಿಂದ ಗುರುತಿಸುವುದು ಹೇಗೆ?

ಮೊದಲು ವಾದ್ಯಗಳನ್ನು ಎಣಿಸಿ. ಎಷ್ಟು ಟ್ರಂಪೆಟ್, ಸ್ಯಾಕ್ಸ್ ಆಲ್ಟೊನಾ ಟೆನರಾ, ತಾಳಕ್ಕೆ ಟ್ಯೂಬಾ ಇದೆಯಾ ಬೇಸ್ ಇದೆಯಾ, ಬ್ಯಾಂಜೊ ಇದೆಯಾ ಗಿಟಾರ್ ಇದೆಯಾ. ವಾದ್ಯದ ಲೆಕ್ಕ ಮತ್ತು ಆಳಿನ ಲೆಕ್ಕ ಒಂದೇ ಅಲ್ಲ. ರೀಡ್ ವಾದಕರು ಕ್ಲಾರಿನೆಟ್ ಇಟ್ಟು ಸ್ಯಾಕ್ಸ್ ಎತ್ತಿಕೊಳ್ಳುತ್ತಾರೆ. ಬೆನ್ನಿ ಕಾರ್ಟರ್ ಆಲ್ಟೊ ಮತ್ತು ಟ್ರಂಪೆಟ್ ಎರಡನ್ನೂ ನುಡಿಸುತ್ತಿದ್ದರು. 1941ರಲ್ಲೇ ಸಿಡ್ನಿ ಬೆಶೆ ಒಬ್ಬರೇ ಒಂದರ ಮೇಲೊಂದು ರೆಕಾರ್ಡ್ ಮಾಡಿ ಇಡೀ ಬ್ಯಾಂಡ್ ಆಗಿದ್ದಾರೆ.

ಆಮೇಲೆ, ಸೋಲೋ ಬಿಟ್ಟು ಹಿಂದಿನವರನ್ನು ಕೇಳಿ. ಇದು ನನ್ನ ಖಚಿತ ಅಭಿಪ್ರಾಯ. ಸೋಲೋ ನುಡಿಸುವಾಗ ಎಲ್ಲರೂ ತಮ್ಮ ಮೆಚ್ಚಿನ ವಾದಕನ ಹಾಗೆ ಕೇಳಿಸಲು ನೋಡುತ್ತಾರೆ. ಪಕ್ಕವಾದ್ಯದಲ್ಲಿ ಯಾರೂ ನಟಿಸುವುದಿಲ್ಲ. ಪಿಯಾನೋ ವಾದಕ ಸೋಲೋ ಹಿಂದೆ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳನ್ನು) ತಾಳಕ್ಕೆ ಮುಂಚೆ ಹಾಕುತ್ತಾರಾ ನಂತರವಾ? ಎಂಟು ಬಾರ್ (ತಾಳದ ಆವರ್ತ) ಮುಗಿಯುವಾಗ ಡ್ರಮ್ಮರ್ ಪ್ರತಿ ಸಲ ಒಂದೇ ರೀತಿಯ ಪೆಟ್ಟು ಹಾಕುತ್ತಾರಾ? ಬೇಸ್ ವಾದಕ ಕಾರ್ಡ್ ಬದಲಾಗುವ ಮುಂಚಿನ ಸ್ವರಕ್ಕೆ ಮೇಲಿನಿಂದ ಬರುತ್ತಾರಾ ಕೆಳಗಿನಿಂದಲಾ? ಟ್ಯೂನ್ ಮುಗಿಸುವ ರೀತಿ ಏನು? ಇವನ್ನು ಸಮಯದ ಸಮೇತ ಬರೆದುಕೊಳ್ಳಿ. ಹೆಸರು ಗೊತ್ತಿರುವ ರೆಕಾರ್ಡಿನಲ್ಲಿ ಅದೇ ಚಾಳಿ ಮೂರು ನಾಲ್ಕು ಕಡೆ ಸಿಕ್ಕರೆ ಕೈಗೆ ಏನೋ ಹತ್ತಿದೆ.

ಕೆಲವರ ಗುರುತು ಅಳೆಯುವಷ್ಟು ಸ್ಪಷ್ಟ. ಲೋಹದ ಪಟ್ಟಿ ಬಡಿದು ನುಡಿಸುವ ವೈಬ್ರಾಫೋನ್‌ನಲ್ಲಿ ನಾದ ನಡುಗಿಸುವ ಪುಟ್ಟ ಮೋಟಾರ್ ಇರುತ್ತದೆ. ಮಿಲ್ಟ್ ಜಾಕ್ಸನ್ ಅದನ್ನು ಸೆಕೆಂಡಿಗೆ ಸುಮಾರು 3.3 ಸುತ್ತಿಗೆ ಇಳಿಸಿದ್ದರು. ಲಯನಲ್ ಹ್ಯಾಂಪ್ಟನ್ ಸುಮಾರು 10ರಲ್ಲಿ ಇಡುತ್ತಿದ್ದರು. ರೆಡ್ ನಾರ್ವೋ ಮೋಟಾರನ್ನೇ ಹಾಕುತ್ತಿರಲಿಲ್ಲ. ಉದ್ದವಾಗಿ ಬಿಟ್ಟ ಒಂದು ಸ್ವರವನ್ನು ತಂತ್ರಾಂಶದಲ್ಲಿ ದೊಡ್ಡದು ಮಾಡಿ ಅಲೆಗಳನ್ನು ಎಣಿಸಿದರೆ ಇಬ್ಬರನ್ನು ಬೇರ್ಪಡಿಸಬಹುದು. ವೇಗ ಸರಿ ಇದ್ದರೆ ಮಾತ್ರ, ಅದಕ್ಕೇ ಮೇಲಿನ ಪ್ರಶ್ನೆ ಮೊದಲು ಬಂದದ್ದು. ಟೆನರ್ ಸ್ಯಾಕ್ಸ್ ವಾದಕ ಲೆಸ್ಟರ್ ಯಂಗ್ ಒಂದೇ ಸ್ವರವನ್ನು ಬೇರೆ ಬೇರೆ ಬೆರಳಿನಲ್ಲಿ ಹಿಡಿದು ಬಣ್ಣ ಬದಲಿಸುತ್ತಿದ್ದರು. ಆಲ್ಟೊ ಸ್ಯಾಕ್ಸ್ ವಾದಕ ಜಾನಿ ಹಾಡ್ಜಸ್ ಸ್ವರದಿಂದ ಸ್ವರಕ್ಕೆ ಜಾರುವುದು ನಮ್ಮ ಗಮಕ ಕೇಳಿ ಬೆಳೆದ ಕಿವಿಗೆ ಬೇಗ ಹಿಡಿಸುತ್ತದೆ. ಏಡ್ರಿಯನ್ ರೊಲೀನಿ ನುಡಿಸಿದ ಬೇಸ್ ಸ್ಯಾಕ್ಸೊಫೋನ್‌ನಂಥ ಅಪರೂಪದ ವಾದ್ಯ ಕೇಳಿಸಿದರೆ ಪಟ್ಟಿ ತಾನೇ ಚಿಕ್ಕದಾಗುತ್ತದೆ.

ಅನುಕರಣೆ ಮಾಡುವವರು ಇದ್ದರೆ?

ಇದ್ದೇ ಇದ್ದಾರೆ. ಪಾಲ್ ಕ್ವಿನಿಶೆಟ್ ಲೆಸ್ಟರ್ ಯಂಗ್‌ಗೆ ಎಷ್ಟು ಹತ್ತಿರ ಎಂದರೆ, ಯಂಗ್ ‘ಪ್ರೆಝ್’ ಆದರೆ ಇವರನ್ನು ‘ವೈಸ್ ಪ್ರೆಝ್’ ಎಂದು ಕರೆಯುತ್ತಿದ್ದರು. 1929ರಲ್ಲಿ ಪಾಲ್ ವೈಟ್‌ಮನ್ ಬ್ಯಾಂಡಿಗೆ ಬಂದ ಆಂಡಿ ಸೆಕ್ರೆಸ್ಟ್, ಕಾರ್ನೆಟ್ ವಾದಕ ಬಿಕ್ಸ್ ಬೈಡರ್‌ಬೆಕ್ ಶೈಲಿಯಲ್ಲೇ ನುಡಿಸುತ್ತಿದ್ದರು, ಅದೂ ಬಿಕ್ಸ್ ಪಕ್ಕದಲ್ಲೇ ಕೂತು. ಆ ತಿಂಗಳುಗಳ ರೆಕಾರ್ಡುಗಳ ಕಾರ್ನೆಟ್ ಯಾರದು ಎಂಬ ವಾದ ಬಹಳ ಕಾಲ ನಡೆದಿದೆ.

ಇಂಥ ಕಡೆ ದಿನಾಂಕವೇ ಗತಿ. ಎಲಿಂಗ್ಟನ್ ಬ್ಯಾಂಡಿನ ಗುರುಗುಟ್ಟುವ ಟ್ರಂಪೆಟ್ ಕೇಳಿದ ತಕ್ಷಣ ಬಬ್ಬರ್ ಮೈಲಿ ಅನ್ನಿಸುತ್ತದೆ. ಆದರೆ ಮೈಲಿ 1929ರ ಆರಂಭದಲ್ಲೇ ಬ್ಯಾಂಡ್ ಬಿಟ್ಟರು. ಅವರ ಜಾಗಕ್ಕೆ ಬಂದ ಕೂಟಿ ವಿಲಿಯಮ್ಸ್ ಅದೇ ಗುರುಗುಟ್ಟುವಿಕೆ ಕಲಿತು ಮುಂದುವರಿಸಿದರು. ಕಿವಿ ಗೊಂದಲ ಮಾಡಿದ್ದನ್ನು ಒಂದು ತಾರೀಖು ಬಿಡಿಸುತ್ತದೆ.

ಮೈಕ್ ಇಲ್ಲದ ಕಾಲದ ರೆಕಾರ್ಡುಗಳಲ್ಲಿ ಇದೆಲ್ಲ ಕೇಳಿಸುತ್ತದಾ?

ಕಡಿಮೆ. 1925ರಲ್ಲಿ ವಿದ್ಯುತ್ ರೆಕಾರ್ಡಿಂಗ್ ಬರುವವರೆಗೆ ಎಲ್ಲರೂ ಒಂದು ದೊಡ್ಡ ಕಹಳೆಯ ಮುಂದೆ ನುಡಿಸುತ್ತಿದ್ದರು. ಅದು ಹಿಡಿಯುತ್ತಿದ್ದುದು ಸುಮಾರು 250ರಿಂದ 2500 ಹರ್ಟ್ಝ್ ಮಾತ್ರ. ಬೇಸ್‌ನ ತಳವೂ ಇಲ್ಲ, ಸಿಂಬಲ್‌ನ ಮಿಂಚೂ ಇಲ್ಲ. ಡ್ರಮ್ಮರ್‌ಗಳು ಮರದ ಬ್ಲಾಕ್ ಬಡಿಯುತ್ತಿದ್ದುದು ಅದಕ್ಕೇ. ಹಾಗಾಗಿ ಆ ರೆಕಾರ್ಡುಗಳಲ್ಲಿ ನಾದದ ಬಣ್ಣ ನೋಡಿ ಹೆಸರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಸ್ವರಗುಚ್ಛಗಳ ಜೋಡಣೆ, ಲಯದ ನಡೆ, ಬ್ರೇಕ್‌ಗಳಲ್ಲಿ (ಉಳಿದವರು ನಿಂತು ಒಬ್ಬರೇ ನುಡಿಸುವ ಕ್ಷಣಗಳಲ್ಲಿ) ಏನು ನುಡಿಸುತ್ತಾರೆ ಎನ್ನುವುದನ್ನು ನೋಡಬಹುದು. ವಿಕ್ಟರ್‌ನಲ್ಲಿ ಅಂಡಾಕಾರದೊಳಗೆ ‘ವಿ ಇ’, ಕೊಲಂಬಿಯಾದಲ್ಲಿ ವೃತ್ತದೊಳಗೆ ‘ಡಬ್ಲ್ಯೂ’ ಇದ್ದರೆ ಅದು ವಿದ್ಯುತ್ ರೆಕಾರ್ಡಿಂಗ್. ಹಾರ್ಮೊನಿಯಂಥ ಅಗ್ಗದ ಲೇಬಲ್ ಮಾತ್ರ 1925 ಕಳೆದ ಮೇಲೂ ವರ್ಷಗಟ್ಟಲೆ ಹಳೆಯ ವಿಧಾನದಲ್ಲೇ ಉಳಿಯಿತು. ಆದ್ದರಿಂದ ಬರೀ ಧ್ವನಿ ಕೇಳಿ ವರ್ಷ ಕಟ್ಟಬೇಡಿ.

ಯೂನಿಯನ್ ಕಾಗದಗಳಲ್ಲಿ ಎಲ್ಲ ಹೆಸರೂ ಇರುತ್ತದೆ ಅಂತಾರೆ. ನಿಜವಾ?

1896ರಲ್ಲಿ ಶುರುವಾದ ಅಮೆರಿಕನ್ ಫೆಡರೇಶನ್ ಆಫ್ ಮ್ಯುಸಿಶಿಯನ್ಸ್ ವಾದಕರ ಯೂನಿಯನ್. ಅದರ ನಿಯಮದಡಿ ನಡೆದ ಸೆಷನ್‌ಗಳಿಗೆ ಒಪ್ಪಂದದ ನಮೂನೆ ತುಂಬಬೇಕಿತ್ತು. ದಿನಾಂಕ, ಸ್ಟುಡಿಯೋ, ಟ್ಯೂನುಗಳು, ನುಡಿಸಿದವರು, ಯಾರಿಗೆಷ್ಟು ಕೂಲಿ, ಎಲ್ಲ ಅದರಲ್ಲಿ. ಉಳಿದವರ ಎರಡರಷ್ಟು ಕೂಲಿ ಪಡೆದವರು ಸಾಮಾನ್ಯವಾಗಿ ಸೆಷನ್‌ನ ನಾಯಕ ಅಥವಾ ವಾದಕರನ್ನು ಕರೆತಂದ ಕಾಂಟ್ರಾಕ್ಟರ್. ಅಂಥ ಒಂದು ಹಾಳೆ ಸಿಕ್ಕರೆ ಅದಕ್ಕಿಂತ ದೊಡ್ಡ ಪುಣ್ಯ ಇಲ್ಲ.

ಹುಡುಕುವಾಗ ಒಂದು ವಿಷಯ ನೆನಪಿರಲಿ. ಎಷ್ಟೋ ಊರುಗಳಲ್ಲಿ ಕಪ್ಪು ವಾದಕರಿಗೆ ಬೇರೆ ಶಾಖೆ ಇತ್ತು. ಶಿಕಾಗೊದಲ್ಲಿ ಬಿಳಿಯರದು ಲೋಕಲ್ 10, ಕಪ್ಪು ವಾದಕರದು ಲೋಕಲ್ 208, ಎರಡೂ ಒಂದಾದದ್ದು 1966ರಲ್ಲಿ. ಲಾಸ್ ಏಂಜಲೀಸ್‌ನಲ್ಲಿ ಲೋಕಲ್ 767 ಮತ್ತು 47 ಒಂದಾದದ್ದು 1953ರಲ್ಲಿ. ಒಂದೇ ಕಡೆ ಹುಡುಕಿ ‘ಇಲ್ಲ’ ಅನ್ನುವುದು ಸರಿಯಲ್ಲ.

ಹಾಳೆಯೂ ಪೂರ್ತಿ ಸತ್ಯ ಹೇಳುವುದಿಲ್ಲ. ಬರಬೇಕಿದ್ದವರು ಬಾರದೆ ಬದಲಿಗೆ ಇನ್ನೊಬ್ಬರು ನುಡಿಸಿರಬಹುದು. ನುಡಿಸದೆ ಕೂಲಿ ಪಡೆದವರ ಹೆಸರು ಸೇರಿರಬಹುದು. ಯೂನಿಯನ್‌ಗೆ ಹೇಳದೆ ರಾತ್ರಿ ನಡೆದ ಸೆಷನ್‌ಗಳಿಗಂತೂ ಕಾಗದವೇ ಇಲ್ಲ.

1943 ಅಂತ ಹೇಳುವ ರೆಕಾರ್ಡ್ ಇದೆ. ಆಗ ರೆಕಾರ್ಡಿಂಗ್ ನಿಂತಿತ್ತಲ್ವಾ?

ಹೌದು. 1942ರ ಆಗಸ್ಟ್ 1ರಿಂದ ಯೂನಿಯನ್ ವಾದಕರು ಕಂಪನಿಗಳಿಗೆ ನುಡಿಸುವುದನ್ನು ನಿಲ್ಲಿಸಿದರು. ಡೆಕ್ಕಾ 1943ರ ಸೆಪ್ಟೆಂಬರ್‌ನಲ್ಲಿ ಯೂನಿಯನ್ ಬೇಡಿಕೆಗೆ ಒಪ್ಪಿತು, ವಿಕ್ಟರ್ ಮತ್ತು ಕೊಲಂಬಿಯಾ 1944ರ ನವೆಂಬರ್‌ವರೆಗೆ ಹಿಡಿದವು. ನಡುವಿನದಾದರೆ ಅದು ಮುಂಚೆ ಮಾಡಿಟ್ಟದ್ದು, ರೇಡಿಯೋದಿಂದ ಹಿಡಿದದ್ದು, ಸೈನಿಕರಿಗಾಗಿ ಮಾಡಿದ ವಿ-ಡಿಸ್ಕ್, ಅಥವಾ ಬೇಗ ರಾಜಿಯಾದ ಕಂಪನಿಯದು. 1948ರಲ್ಲಿ ಇನ್ನೊಮ್ಮೆ ಹೀಗೇ ಆಯಿತು.

ಆ ದಿನ ಆ ವಾದಕರು ಆ ಊರಲ್ಲೇ ಇದ್ದರಾ ಅಂತ ನೋಡುವುದು ಹೇಗೆ?

ಹಳೆಯ ಪತ್ರಿಕೆಗಳಲ್ಲಿ. ಶಿಕಾಗೊ ಡಿಫೆಂಡರ್, ವೆರೈಟಿ, 1934ರಲ್ಲಿ ಶುರುವಾದ ಡೌನ್‌ಬೀಟ್, ಲಂಡನ್ನಿನ ಮೆಲಡಿ ಮೇಕರ್. ಯಾವ ಬ್ಯಾಂಡ್ ಯಾವ ವಾರ ಯಾವ ಹಾಲ್‌ನಲ್ಲಿ ಎಂಬ ಸಣ್ಣ ಜಾಹೀರಾತುಗಳು ಸೋಲೋಗಿಂತ ಹೆಚ್ಚು ಮಾತಾಡುತ್ತವೆ. ನಿಮ್ಮ ಮನಸ್ಸಿನಲ್ಲಿರುವ ಟೆನರ್ ವಾದಕ ಆ ವಾರ ಕಾನ್ಸಾಸ್ ಸಿಟಿಯಲ್ಲಿ ರಾತ್ರಿ ರಾತ್ರಿ ನುಡಿಸುತ್ತಿದ್ದರೆ, ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಇರಲು ಸಾಧ್ಯವಿಲ್ಲ. ಹೆಸರು ಸೇರಿಸುವುದಕ್ಕಿಂತ ಹೆಸರು ತೆಗೆಯುವ ಕೆಲಸ ಜಾಸ್ತಿ ಗಟ್ಟಿ.

ಎರಡು ಡಿಸ್ಕಾಗ್ರಫಿ ಎರಡು ಹೆಸರು ಹೇಳುತ್ತವೆ. ಯಾವುದನ್ನು ನಂಬಲಿ?

ಎರಡಕ್ಕೂ ಆಧಾರ ಕೇಳಿ. 1936ರಲ್ಲಿ ಚಾರ್ಲ್ಸ್ ಡೆಲೋನೆ, ಆಮೇಲೆ ಬ್ರಯಾನ್ ರಸ್ಟ್ ಮುಂತಾದವರು ಕಟ್ಟಿದ ಪಟ್ಟಿಗಳಿಲ್ಲದಿದ್ದರೆ ನಾವು ಯಾರೂ ಈ ಕೆಲಸಕ್ಕೆ ಕೈ ಹಾಕಲಾಗುತ್ತಿರಲಿಲ್ಲ. ಆದರೆ ಅವುಗಳಲ್ಲಿ ಲೆಡ್ಜರಿನಿಂದ ಬಂದ ಹೆಸರೂ ಇದೆ, ವಾದಕರ ನೆನಪಿನಿಂದ ಬಂದದ್ದೂ ಇದೆ, ಸಂಗ್ರಾಹಕರ ಕಿವಿಯಿಂದ ಬಂದದ್ದೂ ಇದೆ. ಮುದ್ರಣದಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಹಳೆಯ ಪುಸ್ತಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಜೊತೆ ಬಂದ ಹೆಸರು ಎಲ್‌ಪಿ ಕವರಿಗೆ ಹೋಗುವಾಗ ಚಿಹ್ನೆ ಕಳೆದುಕೊಳ್ಳುತ್ತದೆ. ಅಲ್ಲಿಂದ ಸಿಡಿ ಪುಸ್ತಿಕೆಗೆ, ಅಲ್ಲಿಂದ ಹತ್ತು ಜಾಲತಾಣಗಳಿಗೆ. ಹತ್ತು ಕಡೆ ಇದೆ ಅಂದರೆ ಹತ್ತು ಸಾಕ್ಷಿ ಅಲ್ಲ, ಒಂದೇ ಊಹೆಯ ಹತ್ತು ನಕಲು. ಆ ಹೆಸರು ಮೊದಲು ಮುದ್ರಣವಾದದ್ದು ಎಲ್ಲಿ ಅಂತ ಹಿಂದಕ್ಕೆ ಹೋಗಿ ನೋಡಿ.

ವಾದಕರನ್ನೋ ಅವರ ಮನೆಯವರನ್ನೋ ಕೇಳಬಹುದಾ?

ಇದ್ದರೆ ಖಂಡಿತ ಕೇಳಿ, ತಡ ಮಾಡಬೇಡಿ. ಆದರೆ ‘ಇದರಲ್ಲಿ ನೀವೇ ನುಡಿಸಿದ್ದಲ್ವಾ?’ ಎಂದು ಕೇಳಬೇಡಿ. ವಯಸ್ಸಾದವರು ಪ್ರೀತಿಯಿಂದ ಹೌದು ಅಂದುಬಿಡುತ್ತಾರೆ. ರೆಕಾರ್ಡ್ ಹಾಕಿ, ಸುಮ್ನೆ ಕೂತು, ‘ಇದು ಯಾರ ಥರ ಕೇಳಿಸುತ್ತೆ?’ ಅಂತ ಕೇಳಿ. ಆ ಸ್ಟುಡಿಯೋದ ಮೆಟ್ಟಿಲು, ಕೂಲಿ ಕೊಟ್ಟವರು, ಜೊತೆಗೆ ಕಾರಿನಲ್ಲಿ ಬಂದವರು ಇಂಥದ್ದರ ನೆನಪು ತಾರೀಖಿನ ನೆನಪಿಗಿಂತ ಗಟ್ಟಿಯಾಗಿರುತ್ತದೆ. ಮನೆಯವರ ಹತ್ತಿರ ಡೈರಿ ಇದೆಯಾ ಕೇಳಿ. ಕೂಲಿ ಬರಬೇಕಾದ ಲೆಕ್ಕಕ್ಕಾಗಿ ಎಷ್ಟೋ ಸೆಷನ್ ವಾದಕರು ದಿನಚರಿ ಬರೆಯುತ್ತಿದ್ದರು. ತೀರಿಹೋದವರ ಸಂದರ್ಶನಗಳು ನ್ಯೂಅರ್ಕ್‌ನ ರಟ್ಗರ್ಸ್ ವಿಶ್ವವಿದ್ಯಾಲಯದ ಜಾಝ್ ಅಧ್ಯಯನ ಸಂಸ್ಥೆಯಲ್ಲಿ, ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದ ಹೋಗನ್ ಸಂಗ್ರಹದಲ್ಲಿ ಇವೆ.

ಆ್ಯಪ್ ಅಥವಾ ಎಐ ಹೆಸರು ಹೇಳುತ್ತದಾ?

ಹಾಡು ಗುರುತಿಸುವ ಆ್ಯಪ್ ಗುರುತಿಸುವುದು ರೆಕಾರ್ಡಿಂಗನ್ನು, ನುಡಿಸಿದವರನ್ನಲ್ಲ. ಆದರೂ ಅಗ್ಗದ ಎಲ್‌ಪಿಗಳಿಗೆ ಅದು ಒಳ್ಳೆಯ ಸಾಧನ. ಒಂದೇ ಮಾಸ್ಟರನ್ನು ಬೇರೆ ಹೆಸರಲ್ಲಿ ಮಾರಿದ್ದು ಕೆಲವೊಮ್ಮೆ ಕ್ಷಣದಲ್ಲಿ ಬಯಲಾಗುತ್ತದೆ. ವಾದ್ಯಗಳನ್ನು ಬೇರ್ಪಡಿಸುವ ತಂತ್ರಾಂಶ ಬೇಸ್ ಕೇಳಲು ಸಹಾಯ ಮಾಡುತ್ತದೆ, ಆದರೆ ಸವೆದ ಮೋನೋ 78ರಲ್ಲಿ ಇಲ್ಲದ ನಾದವನ್ನೂ ಹುಟ್ಟಿಸಬಹುದು. ಬೇರ್ಪಡಿಸಿದ ಪ್ರತಿಯಲ್ಲಿ ಕೇಳಿದ್ದನ್ನು ಮೂಲ ಪ್ರತಿಯಲ್ಲಿ ಮತ್ತೆ ಕೇಳಿ ಖಚಿತಪಡಿಸಿಕೊಳ್ಳಿ.

ಟಿವಿ, ಸಿನಿಮಾಗೆ ಮಾಡಿದ ಲೈಬ್ರರಿ ಮ್ಯೂಸಿಕ್ ರೆಕಾರ್ಡುಗಳು?

ಲಂಡನ್ನಿನ ಕೆಪಿಎಂ, ಡಿ ವುಲ್ಫ್‌ನಂಥ ಕಂಪನಿಗಳು ಮಾಡಿದ ಇಂಥ ರೆಕಾರ್ಡುಗಳಲ್ಲಿ ಒಳ್ಳೊಳ್ಳೆಯ ಜಾಝ್ ವಾದಕರು ನುಡಿಸಿದ್ದಾರೆ. ಕವರಿನ ಮೇಲೆ ಸಂಯೋಜಕರ ಹೆಸರು ಇರುತ್ತದೆ, ವಾದಕರದು ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿ ದಾರಿ ಒಂದೇ. ಸಂಯೋಜಕರು ಬೇರೆ ಕಡೆ ಯಾರನ್ನು ಕರೆಯುತ್ತಿದ್ದರು ನೋಡಿ, ಅವರ ಡೈರಿ ಸಂದರ್ಶನ ಹುಡುಕಿ.

ಹೆಸರು ಗೊತ್ತಾದರೆ ಆ ಮನೆಯವರಿಗೆ ಏನಾದರೂ ಸಿಗುತ್ತದಾ?

ಸಿಗಬಹುದು. ಅಮೆರಿಕದಲ್ಲಿ ಡಿಜಿಟಲ್ ರೇಡಿಯೋದಿಂದ ಬರುವ ಶಾಸನಬದ್ಧ ರಾಯಲ್ಟಿಯಲ್ಲಿ 5 ಶೇಕಡಾ ಮುಖ್ಯ ಕಲಾವಿದರಲ್ಲದ ಪಕ್ಕದ ವಾದಕರು ಮತ್ತು ಹಿನ್ನೆಲೆ ಗಾಯಕರಿಗೆ ಮೀಸಲು. 2018ರ ಕಾಯ್ದೆಯಿಂದ 1972ಕ್ಕಿಂತ ಹಿಂದಿನ ರೆಕಾರ್ಡುಗಳೂ ಇದರೊಳಗೆ ಬಂದವು. ಬ್ರಿಟನ್ನಿನಲ್ಲಿ ಪಿಪಿಎಲ್ ಸಂಸ್ಥೆ ಸೆಷನ್ ವಾದಕರಿಗೂ ಪಾಲು ಕೊಡುತ್ತದೆ. ದೊಡ್ಡ ಮೊತ್ತ ಅಲ್ಲದಿರಬಹುದು. ಆದರೆ ತಪ್ಪು ಹೆಸರು ಹಾಕಿದರೆ ಒಬ್ಬರ ಪಾಲು ಇನ್ನೊಬ್ಬರಿಗೆ ಹೋಗುತ್ತದೆ, ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಇನ್ನೊಬ್ಬರ ಸಹಾಯ ಕೇಳುವಾಗ ಏನೇನು ಕಳಿಸಬೇಕು?

ಲೇಬಲ್‌ನ ಎರಡೂ ಸೈಡಿನ ಫೋಟೋ, ಮ್ಯಾಟ್ರಿಕ್ಸ್ ನಂಬರ್ ಇರುವ ಜಾಗದ ಫೋಟೋ, ಗರಗರ ತೆಗೆಯದ ಮೂಲ ಧ್ವನಿ, ಯಾವ ವೇಗದಲ್ಲಿ ಓಡಿಸಿದಿರಿ ಎಂಬ ಮಾಹಿತಿ. ಕೇಳಬೇಕಾದ ಜಾಗವನ್ನು ಒಂದು ನಿಮಿಷ 12 ಸೆಕೆಂಡ್ ಎಂಬಂತೆ ಹೇಳಿ. ನಿಮ್ಮ ಊಹೆಯನ್ನು ಮಾತ್ರ ಮೊದಲೇ ಹೇಳಬೇಡಿ.

ಕೊನೆಗೆ ಸಿಕ್ಕಿದ್ದನ್ನು ಹೇಗೆ ಬರೆದಿಡಲಿ? ಏನೂ ಸಿಗದಿದ್ದರೆ?

ಪ್ರತಿ ಹೆಸರಿನ ಪಕ್ಕ ಅದು ಬಂದ ದಾರಿ ಬರೆಯಿರಿ. ‘ಟ್ರಂಪೆಟ್: ಇಂಥವರು, ಯೂನಿಯನ್ ಹಾಳೆ.’ ‘ಪಿಯಾನೋ: ಬಹುಶಃ ಇಂಥವರು, ಹಿಂದಿನ ಮ್ಯಾಟ್ರಿಕ್ಸಿನ ಪಿಯಾನೋ ಜೊತೆ ಹೋಲಿಕೆ, ಎರಡೂ ಒಂದೇ ದಿನದವು.’ ‘ಡ್ರಮ್ಸ್: ಗೊತ್ತಿಲ್ಲ.’ ಬೇರೆಯವರು ಹೇಳಿ ನೀವು ತಳ್ಳಿಹಾಕಿದ ಹೆಸರನ್ನೂ ಕಾರಣದ ಸಮೇತ ಬರೆಯಿರಿ, ಇಲ್ಲದಿದ್ದರೆ ಮುಂದೆ ಯಾರೋ ಅದನ್ನೇ ಮತ್ತೆ ಹುಡುಕಿ ತರುತ್ತಾರೆ.

ಏನೂ ಸಿಗದಿದ್ದರೂ ಮ್ಯಾಟ್ರಿಕ್ಸ್, ಟೇಕ್, ವಾದ್ಯಗಳ ಲೆಕ್ಕ, ಸರಿಯಾದ ಶ್ರುತಿ ಮತ್ತು ವೇಗ, ಸೋಲೋಗಳ ಕ್ರಮ ಇಷ್ಟನ್ನು ಬರೆದು ಎಲ್ಲರಿಗೂ ಸಿಗುವ ಕಡೆ ಹಾಕಿ. ಯಾವುದೋ ಮನೆಯ ಪೆಟ್ಟಿಗೆಯಿಂದ ಒಂದು ಡೈರಿ ಹೊರಬಂದರೆ, ಅದರಲ್ಲಿರುವ ತಾರೀಖನ್ನು ಈ ರೆಕಾರ್ಡಿಗೆ ಜೋಡಿಸಲು ಅದು ಸಿಕ್ಕವರಿಗೆ ಬೇಕಾಗುವುದು ಇದೇ ವಿವರ.